ಗುಂಡಿಯಿಂದ ಹೊಲಕ್ಕೆ: ದೇವನಹಳ್ಳಿ ಮಲತ್ಯಾಜ್ಯ ಘಟಕದ ಪ್ರಕರಣ

ದೇವನಹಳ್ಳಿ ಎಂದರೆ ಈಗ ಎಲ್ಲರಿಗೂ ನೆನಪಾಗುವುದು ವಿಮಾನ ನಿಲ್ದಾಣ. ಅದಕ್ಕೂ ಮೊದಲು ಕೋಟೆ, ಟಿಪ್ಪು ಹುಟ್ಟಿದ ಜಾಗ, ಚಕ್ಕೋತ ಹಣ್ಣು. ನೈರ್ಮಲ್ಯದ ಕೆಲಸದಲ್ಲಿ ಇರುವವರು ಮಾತ್ರ ಈ ಊರಿನ ಹೆಸರನ್ನು ಬೇರೆಯೇ ಕಾರಣಕ್ಕೆ ಹೇಳುತ್ತಾರೆ. 2015ರ ಕೊನೆಯಲ್ಲಿ ಇಲ್ಲಿನ ಪುರಸಭೆ ವ್ಯಾಪ್ತಿಯಲ್ಲಿ ಒಂದು ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರುವಾಯಿತು. ಕಟ್ಟಿದ್ದು ಬೆಂಗಳೂರಿನ ಸಿಡಿಡಿ ಸೊಸೈಟಿ ಎಂಬ ಸ್ವಯಂಸೇವಾ ಸಂಸ್ಥೆ, ಹಣದ ನೆರವು ಗೇಟ್ಸ್ ಪ್ರತಿಷ್ಠಾನದ್ದು. ಒಂದು ಇಡೀ ಪಟ್ಟಣದ ಪಾಯಿಖಾನೆ ಗುಂಡಿಗಳ ಕೆಸರನ್ನು ಸಂಸ್ಕರಿಸುವ ಘಟಕಗಳಲ್ಲಿ ದೇಶಕ್ಕೇ ಇದು ಮೊದಲನೆಯದು ಎಂದು ಆಗ ಹೇಳಲಾಯಿತು. ದಿನಕ್ಕೆ 6,000 ಲೀಟರ್ ಸಾಮರ್ಥ್ಯ, ಅಂದರೆ ಗಾಡಿಯ ಗಾತ್ರ ನೋಡಿಕೊಂಡು ಒಂದೆರಡು ಲೋಡು. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 28,000. ಒಳಚರಂಡಿ, ನಮ್ಮವರ ಬಾಯಲ್ಲಿ ಯುಜಿಡಿ, ಆಗ ಊರಲ್ಲಿ ಇರಲಿಲ್ಲ.

ಈ ಘಟಕದ ಬಗ್ಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ‘ಕಸದಿಂದ ರಸ’ ಎಂಬ ಧಾಟಿಯವು. ಮಲ ಗೊಬ್ಬರವಾಗುತ್ತದೆ ಎಂಬುದನ್ನು ಈ ಘಟಕವೇ ಕಂಡುಹಿಡಿಯಿತೇನೋ ಎಂಬಂತೆ ಬರೆಯುತ್ತಾರೆ. ಬಯಲುಸೀಮೆಯ ರೈತನಿಗೆ ಅದು ಮೊದಲೇ ಗೊತ್ತಿತ್ತು. ಘಟಕ ಬರುವ ಎಷ್ಟೋ ಮುಂಚೆಯೇ ಬೆಂಗಳೂರಿನ ಸುತ್ತಮುತ್ತಲ ತೋಟಗಳಿಗೆ ಈ ಕೆಸರು ಹೋಗುತ್ತಿತ್ತು. ಘಟಕ ಈ ದಾರಿಗೆ ಸೇರಿಸಿದ್ದು ಎರಡನ್ನು: ಕಾಯುವಿಕೆ ಮತ್ತು ಕಾವು. ಪ್ರಕರಣವನ್ನು ಅಲ್ಲಿಂದಲೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಘಟಕಕ್ಕೆ ಮೊದಲು

ಯುಜಿಡಿ ಇಲ್ಲದ ಊರಿನಲ್ಲಿ ಪ್ರತಿ ಮನೆಗೂ ಒಂದು ಗುಂಡಿ. ಕೆಲವು ಸರಿಯಾದ ಸೆಪ್ಟಿಕ್ ಟ್ಯಾಂಕುಗಳು. ಉಳಿದವು ಸಿಮೆಂಟ್ ರಿಂಗು ಇಳಿಸಿದ, ತಳ ತೆರೆದ ಪಿಟ್ಟುಗಳು. ರಿಂಗಿನ ಸಂದಿಯಲ್ಲಿ ನೀರು ಇಂಗಿಹೋಗುತ್ತದೆ, ಕೆಸರು ಉಳಿಯುತ್ತದೆ. ಮಳೆಗಾಲದಲ್ಲಿ ನೆಲ ನೀರು ಕುಡಿಯುವುದನ್ನು ನಿಲ್ಲಿಸಿದಾಗ ಗುಂಡಿ ಉಕ್ಕುತ್ತದೆ, ಆಗ ಮನೆಯವರು ಗಾಡಿಗೆ ಫೋನು ಮಾಡುತ್ತಾರೆ. ಅಲ್ಲಿಯವರೆಗೆ ಯಾರಿಗೂ ಗುಂಡಿಯ ನೆನಪಿರುವುದಿಲ್ಲ. ವರ್ಷಗಟ್ಟಲೆ ತೆರೆಯದ ಗುಂಡಿಗಳೇ ಹೆಚ್ಚು.

ಗಾಡಿ ಎಂದರೆ ಲಾರಿ ಚಾಸಿಯ ಮೇಲೆ ಕೂರಿಸಿದ ಉರುಟು ಟ್ಯಾಂಕು, ಪಕ್ಕದಲ್ಲಿ ನಿರ್ವಾತ ಪಂಪು, ಸುರುಳಿ ಸುತ್ತಿದ ದಪ್ಪ ಪೈಪು. ಸಕ್ಕಿಂಗ್ ಗಾಡಿ ಎನ್ನುತ್ತಾರೆ, ಹನಿ ಸಕ್ಕರ್ ಎಂದೂ ಹೇಳುವುದುಂಟು. ಚಾಲಕ ಒಬ್ಬ, ಪೈಪು ಹಿಡಿಯುವವ ಒಬ್ಬ. ಚಪ್ಪಡಿ ಸರಿಸಿ ಪೈಪನ್ನು ಇಳಿಬಿಡುತ್ತಾರೆ. ಮೇಲಿನ ತಿಳಿ ಸಲೀಸಾಗಿ ಬರುತ್ತದೆ. ತಳದಲ್ಲಿ ಗಟ್ಟಿಯಾಗಿ ಕೂತ ಕೆಸರು ಬರುವುದಿಲ್ಲ. ಆಗ ಗುಂಡಿಗೆ ನೀರು ಬಿಟ್ಟು, ಗಳದಿಂದ ಕದಡಿ, ಮತ್ತೆ ಎಳೆಯುತ್ತಾರೆ. ಬಟ್ಟೆ ಚೂರು, ಪ್ಯಾಡು, ಶಾಂಪೂ ಸ್ಯಾಶೆ ಪೈಪಿನ ಬಾಯಿಗೆ ಸಿಕ್ಕಿಕೊಂಡರೆ ಕೈಯಿಂದಲೇ ಕಿತ್ತು ಪಕ್ಕಕ್ಕೆ ಎಸೆಯುತ್ತಾರೆ. ಎಷ್ಟೋ ಕಡೆ ಆ ಕೈಗೆ ಗ್ಲೌಸು ಇರುವುದಿಲ್ಲ.

ತುಂಬಿದ ಗಾಡಿಯನ್ನು ಎಲ್ಲಿ ಖಾಲಿ ಮಾಡುವುದು? ಕೆರೆಯಂಗಳ, ರಾಜಕಾಲುವೆ, ರಸ್ತೆ ಬದಿಯ ಹಳ್ಳ, ಕತ್ತಲಾದ ಮೇಲೆ ಯಾರೂ ನೋಡದ ಕಡೆ. ಇಲ್ಲವಾದರೆ ರೈತನ ಹೊಲ. ಗಾಡಿಯವನಿಗೆ ಹೊಲವೇ ವಾಸಿ. ಯಾರೂ ಬೈಯುವುದಿಲ್ಲ, ಡೀಸೆಲ್ ಉಳಿಯುತ್ತದೆ, ಕೆಲವೊಮ್ಮೆ ರೈತನೇ ಲೋಡಿಗೆ ಇಷ್ಟು ಎಂದು ಕೊಡುತ್ತಾನೆ. ರೈತನ ಕಡೆಯಿಂದಲೂ ಲೆಕ್ಕ ಸರಿಯಾಗಿಯೇ ಇತ್ತು. ಬಾಳೆ, ತೆಂಗಿನ ಸಾಲಿನ ನಡುವೆ ಕಾಲುವೆಯಂತೆ ತೋಡಿ ಅದರಲ್ಲಿ ಕೆಸರು ಬಿಡಿಸುವುದು, ಬೇಸಿಗೆಯಲ್ಲಿ ಒಣಗಲು ಬಿಡುವುದು, ಮಳೆಗೆ ಮುಂಚೆ ಅಗೆದು ಹರಡುವುದು. ಲೇಔಟುಗಳು ಬಂದು ದನ ಕಡಿಮೆಯಾದ ಈ ಸೀಮೆಯಲ್ಲಿ ಕೊಟ್ಟಿಗೆ ಗೊಬ್ಬರದ ಒಂದು ಟ್ರ್ಯಾಕ್ಟರ್ ಲೋಡಿಗೆ ಎಷ್ಟು ಬೆಲೆ ಎಂದು ವಿಚಾರಿಸಿ ನೋಡಿದರೆ ರೈತ ಮೂಗು ಮುಚ್ಚಿಕೊಂಡಾದರೂ ಇದನ್ನು ಏಕೆ ಒಪ್ಪಿದ ಎಂದು ತಿಳಿಯುತ್ತದೆ. ಬೆಂಗಳೂರಿನ ಈ ವ್ಯವಹಾರವನ್ನು ಅಧ್ಯಯನ ಮಾಡಿದವರೂ ಇದನ್ನು ಬರಿಯ ಅಕ್ರಮ ಎಂದು ತಳ್ಳಿಹಾಕಲಿಲ್ಲ. ಸರ್ಕಾರದ ಒಂದು ರೂಪಾಯಿಯೂ ಇಲ್ಲದೆ ನಡೆಯುತ್ತಿದ್ದ ಏರ್ಪಾಡು ಅದು.

ಅದರ ದೋಷ ಇದ್ದದ್ದು ಹುಳುವಿನಲ್ಲಿ.

ಜಂತುಹುಳುವಿನ ಲೆಕ್ಕ

ದುಂಡು ಜಂತುಹುಳುವಿನ ಹೆಣ್ಣೊಂದು ದಿನಕ್ಕೆ 2 ಲಕ್ಷದವರೆಗೆ ಮೊಟ್ಟೆ ಇಡುತ್ತದೆ. ಅಷ್ಟೂ ಮಲದಲ್ಲಿ ಹೊರಬರುತ್ತವೆ. ಬೇಧಿ ತರುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಬಿಸಿಲಿಗೆ, ಒಣಗುವಿಕೆಗೆ ವಾರಗಳಲ್ಲೋ ತಿಂಗಳುಗಳಲ್ಲೋ ಸಾಯುತ್ತವೆ. ಈ ಮೊಟ್ಟೆ ಹಾಗಲ್ಲ. ಅದರ ಗಟ್ಟಿ ಚಿಪ್ಪಿನ ರಕ್ಷಣೆಯಲ್ಲಿ ತೇವದ ಮಣ್ಣಿನೊಳಗೆ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಇಂದು ಗಾಡಿ ಎಳೆದ ಕೆಸರಿನಲ್ಲಿ ಮೂರು ವರ್ಷ ಹಳೆಯ ತಳವೂ ಇರುತ್ತದೆ, ನಿನ್ನೆಯ ಮಲವೂ ಇರುತ್ತದೆ. ಹಳೆಯ ಗುಂಡಿಯದ್ದು, ಆದ್ದರಿಂದ ಸುರಕ್ಷಿತ ಎಂದು ರೈತರು ನಂಬುವುದು ಇಲ್ಲಿ ತಪ್ಪುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಮಾರ್ಗಸೂಚಿ ಇದಕ್ಕೆ ಎರಡು ದಾರಿ ತೋರಿಸುತ್ತದೆ. ಕಾಯುವುದಾದರೆ, ನಮ್ಮಂಥ ಬೆಚ್ಚಗಿನ ಸೀಮೆಯಲ್ಲಿ ಹೊಸ ಮಲ ಸೇರದಂತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಡಬೇಕು. ಕಾಯಲು ಆಗದಿದ್ದರೆ ಬೇಯಿಸಬೇಕು: ಗೊಬ್ಬರದ ರಾಶಿ 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾವಿನಲ್ಲಿ ಕನಿಷ್ಠ ಒಂದು ವಾರ ಇರಬೇಕು. ಅಮೆರಿಕದ ಪರಿಸರ ಸಂಸ್ಥೆಯ ನಿಯಮ ಇನ್ನೂ ಬಿಗಿ, ಸಾಲು ರಾಶಿಯಾದರೆ 55 ಡಿಗ್ರಿಯಲ್ಲಿ 15 ದಿನ, ಅಷ್ಟರೊಳಗೆ ಐದು ಸಲ ಮಗುಚಬೇಕು. ಮಗುಚುವುದು ಏಕೆಂದರೆ ರಾಶಿಯ ಒಡಲು ಬೇಯುತ್ತದೆ, ಹೊರಮೈ ತಣ್ಣಗೇ ಇರುತ್ತದೆ. ಹೊರಗಿನದು ಒಳಗೆ ಬರಬೇಕು.

ಹೊಲದ ಕಾಲುವೆಯಲ್ಲಿ ಈ ಎರಡೂ ನಡೆಯುತ್ತಿರಲಿಲ್ಲ. ಬೇಸಿಗೆಯ ಮೂರು ತಿಂಗಳ ಬಿಸಿಲು ಮೇಲ್ಪದರವನ್ನು ಒಣಗಿಸುತ್ತದೆ. ಅದರ ಕೆಳಗಿನ ಕೆಸರು ಹಸಿಯಾಗಿಯೇ ಉಳಿದಿರುತ್ತದೆ. ಆ ನೆಲದಲ್ಲಿ ಟೊಮೆಟೊ ಸಸಿ ತಾನಾಗಿ ಮೊಳೆತದ್ದನ್ನು ನೋಡಿ ಫಲವತ್ತು ಎಂದು ಹಿಗ್ಗುವವರಿದ್ದಾರೆ. ಮನುಷ್ಯನ ಹೊಟ್ಟೆ, ಗುಂಡಿ, ಗಾಡಿ, ಬಿಸಿಲು ಎಲ್ಲವನ್ನೂ ದಾಟಿ ಒಂದು ಬೀಜ ಬದುಕಿ ಬಂದಿದೆ ಎಂದರೆ ಅದರ ಜೊತೆಗೆ ಇನ್ನೇನು ಬದುಕಿ ಬಂದಿರಬಹುದು ಎಂದು ಲೆಕ್ಕ ಹಾಕುವುದು ಒಳ್ಳೆಯದು. ಸರಿಯಾಗಿ ಕಾವು ಏರಿದ ಗೊಬ್ಬರದಲ್ಲಿ ಟೊಮೆಟೊ ಹುಟ್ಟುವುದಿಲ್ಲ. ಕಾವು ಏರಿತ್ತೋ ಇಲ್ಲವೋ ಎಂದು ಅನುಮಾನ ಇರುವ ಪುರಸಭೆಗೆ ಇದಕ್ಕಿಂತ ಅಗ್ಗದ ಸುಳಿವು ಸಿಗಲಿಕ್ಕಿಲ್ಲ. ಪ್ರಯೋಗಾಲಯದ ಪರೀಕ್ಷೆಗೆ ಅದು ಬದಲಿ ಅಲ್ಲ ಎಂಬುದು ಬೇರೆ ಮಾತು.

ಘಟಕದೊಳಗೆ

ದೇವನಹಳ್ಳಿಯ ವಿನ್ಯಾಸ ಸರಳ. ಹೆಚ್ಚುಕಡಿಮೆ ಎಲ್ಲವೂ ಇಳಿಜಾರಿನ ಮೇಲೆ ಹರಿಯುತ್ತದೆ, ಪಂಪಿನ ಅವಲಂಬನೆ ಕಡಿಮೆ. ಕರೆಂಟು ಹೋದರೂ ಕೆಲಸ ನಿಲ್ಲಬಾರದು ಎಂಬ ಯೋಚನೆ ಇದರಲ್ಲಿದೆ. ಸಣ್ಣ ಪಟ್ಟಣಗಳಲ್ಲಿ ಮೋಟಾರು ಸುಟ್ಟು ಬಿದ್ದಿರುವ ಘಟಕಗಳನ್ನು ಕಂಡವರಿಗೆ ಈ ಆಯ್ಕೆಯ ಬೆಲೆ ಗೊತ್ತು.

ಗಾಡಿ ಬಂದು ಪೈಪು ಜೋಡಿಸಿದರೆ ಕೆಸರು ಮೊದಲು ಜಾಲರಿಯ ಮೂಲಕ ಹಾಯುತ್ತದೆ. ಪ್ಲಾಸ್ಟಿಕ್ಕು, ಬಟ್ಟೆ, ಪ್ಯಾಡುಗಳು ಅಲ್ಲಿ ನಿಲ್ಲುತ್ತವೆ. ಘಟಕದ ಅತ್ಯಂತ ಹೇಸಿಗೆಯ ಕೆಲಸ ಈ ಜಾಲರಿ ತೆಗೆದು ತೊಳೆಯುವುದೇ. ಮುಂದೆ ಗಾಳಿಯಾಡದ ತೊಟ್ಟಿಗಳು. ಅಲ್ಲಿ ಒಂದಷ್ಟು ಅನಿಲವಾಗಿ ಹೊರಟು, ಉಳಿದದ್ದು ಹದಕ್ಕೆ ಬರುತ್ತದೆ. ಕಳಿತ ಕೆಸರು ಒಣಗುವ ಹಾಸುಗಳಿಗೆ ಹೋಗುತ್ತದೆ: ಕೆಳಗೆ ಜಲ್ಲಿ, ಮೇಲೆ ಮರಳು, ಅದರ ಮೇಲೆ ಕೆಸರಿನ ಪದರ. ನೀರು ಮರಳಿನ ಮೂಲಕ ಬಸಿದು ಕೆಳಗಿನ ಕೊಳವೆ ಸೇರುತ್ತದೆ, ಮೇಲಿನಿಂದ ಬಿಸಿಲು ಹೀರುತ್ತದೆ. ಒಳ್ಳೆಯ ಬಿಸಿಲಿದ್ದರೆ ಎರಡು ವಾರದ ಆಸುಪಾಸಿನಲ್ಲಿ ಕೆಸರು ಬಿರಿದು ಹೆಂಟೆ ಹೆಂಟೆಯಾಗಿ ಏಳುತ್ತದೆ. ಬಾಯ್ದೆರೆದ ಕೆರೆಯಂಗಳದ ಹಾಗೆ. ಈ ಹಂತದಲ್ಲಿ ವಾಸನೆ ಕೂಡ ಮಣ್ಣಿನದೇ. ಬಸಿದ ನೀರು ಬೇರೆ ತೊಟ್ಟಿ, ಬೇರೆ ಶೋಧಕ, ಕೊನೆಗೆ ಗಿಡ ನೆಟ್ಟ ಜಲ್ಲಿಮಡಿಯ ಮೂಲಕ ಹಾದು ಗಿಡಗಳಿಗೆ ಬಳಕೆಯಾಗುತ್ತದೆ.

ಇಲ್ಲಿಗೆ ನಿಲ್ಲಿಸಿಬಿಡುವ ಘಟಕಗಳು ಬೇಕಾದಷ್ಟಿವೆ. ನೋಡಲು ಒಣಗಿದೆ, ನಾರುವುದಿಲ್ಲ, ಚೀಲಕ್ಕೆ ತುಂಬಿ ರೈತನಿಗೆ ಕೊಟ್ಟರೆ ಆಯಿತು. ಆದರೆ ಒಣಗಿದ್ದು ಸತ್ತದ್ದಲ್ಲ. ಹಾಸಿನಿಂದ ಎತ್ತಿದ ಕೆಸರಿನಲ್ಲಿ ಜಂತುಮೊಟ್ಟೆ ಇನ್ನೂ ಉಳಿದಿರಬಹುದು. ಆದ್ದರಿಂದ ದೇವನಹಳ್ಳಿಯಲ್ಲಿ ಮುಂದೆ ಇನ್ನೊಂದು ಹಂತ ಸೇರಿತು, ಒಣಗಿದ ಕೆಸರನ್ನು ಊರಿನ ಹಸಿ ಕಸದ ಜೊತೆ ಬೆರೆಸಿ ಕಾಂಪೋಸ್ಟು ಮಾಡುವುದು. ಪಟ್ಟಣದ ಕಸ ವಿಲೇವಾರಿಯ ಜಾಗವೂ ಘಟಕದ ಜೊತೆಗೇ ಇದ್ದದ್ದು ಅನುಕೂಲವಾಯಿತು.

ಬೆರೆಸುವುದಕ್ಕೆ ಕಾರಣವಿದೆ. ರಾಶಿ ಕಾವು ಏರಬೇಕಾದರೆ ಸೂಕ್ಷ್ಮಜೀವಿಗಳಿಗೆ ಇಂಗಾಲವೂ ಬೇಕು, ಸಾರಜನಕವೂ ಬೇಕು, ಸುಮಾರು 25–30ಕ್ಕೆ 1ರ ಹದದಲ್ಲಿ. ಗುಂಡಿಯಲ್ಲಿ ವರ್ಷಗಟ್ಟಲೆ ಕೊಳೆತ ಕೆಸರಿನಲ್ಲಿ ಸುಲಭವಾಗಿ ಉರಿಯುವ ಇಂಗಾಲ ಉಳಿದಿರುವುದಿಲ್ಲ. ಕೆಸರನ್ನಷ್ಟೇ ರಾಶಿ ಹಾಕಿದರೆ ಬಿಸಿಯೇ ಏರುವುದಿಲ್ಲ. ತರಕಾರಿ ಸಿಪ್ಪೆ, ತರಗು, ಮಾರುಕಟ್ಟೆಯ ಸೊಪ್ಪಿನ ಕಸ ಎರಡು ಮೂರು ಪಾಲು ಸೇರಿದರೆ ಎರಡು ಮೂರು ದಿನದಲ್ಲೇ ರಾಶಿಯ ಒಳಗೆ ಕೈ ಹಾಕಲಾಗದಷ್ಟು ಕಾವು. ಬೆಳಿಗ್ಗೆ ಸಲಿಕೆಯಿಂದ ಮಗುಚಿದರೆ ಹಬೆ ಏಳುತ್ತದೆ. ಮಗುಚುವವರ ಕೈಯಲ್ಲಿ ಉದ್ದನೆ ಕಡ್ಡಿಯ ಥರ್ಮಾಮೀಟರು, ಒಂದು ಪುಸ್ತಕ. ದಿನದಿನದ ಡಿಗ್ರಿ ಬರೆದ ಆ ಪುಸ್ತಕವೇ ಗೊಬ್ಬರದ ನಿಜವಾದ ಪ್ರಮಾಣಪತ್ರ. ಯಾವ ಘಟಕಕ್ಕೆ ಹೋದರೂ ಮೊದಲು ಅದನ್ನು ಕೇಳಿ. ತೊಟ್ಟಿ, ಗಿಡ, ಫಲಕಗಳನ್ನು ಆಮೇಲೆ ನೋಡಿದರೂ ನಡೆಯುತ್ತದೆ.

ಎಷ್ಟು ಗೊಬ್ಬರ, ಯಾರ ಸಾರಜನಕ

ಈಗ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು. 6,000 ಲೀಟರ್ ಕೆಸರಿನಲ್ಲಿ ನೂರಕ್ಕೆ ತೊಂಬತ್ತೇಳಕ್ಕೂ ಹೆಚ್ಚು ಪಾಲು ನೀರು. ಎರಡೂವರೆ ಪಾಲು ಘನ ಎಂದು ಹಿಡಿದರೆ ದಿನಕ್ಕೆ 150 ಕೆಜಿ. ವರ್ಷದಲ್ಲಿ 300 ದಿನ ಘಟಕ ತುಂಬಿ ನಡೆದರೆ 45 ಟನ್ ಒಣ ಪದಾರ್ಥ. ಹಸಿ ಕಸ ಸೇರಿ, ಕೊಳೆತು ಇಳಿದು, ತೇವ ಉಳಿದು, ಕೊನೆಗೆ ಕೈಗೆ ಬರುವ ಕಾಂಪೋಸ್ಟು ನನ್ನ ಅಂದಾಜಿನಲ್ಲಿ ನೂರು ನೂರಿಪ್ಪತ್ತು ಟನ್. ಮಳೆಯಾಶ್ರಿತ ರಾಗಿಗೆ ಕೃಷಿ ವಿಶ್ವವಿದ್ಯಾಲಯ ಶಿಫಾರಸು ಮಾಡುವ ಕೊಟ್ಟಿಗೆ ಗೊಬ್ಬರ ಹೆಕ್ಟೇರಿಗೆ 7.5 ಟನ್, ಎಕರೆಗೆ 3 ಟನ್. ಅಂದರೆ ಇಷ್ಟೆಲ್ಲ ಕಟ್ಟಿ, ಗಾಡಿ ಓಡಿಸಿ, ಮಗುಚಿ, ಬರುವ ಗೊಬ್ಬರ ನಲವತ್ತು ಎಕರೆ ರಾಗಿಗೆ ಸಾಕಾಗುತ್ತದೆ.

ಇದನ್ನು ಕೇಳಿ ಇಷ್ಟೇನಾ ಎನ್ನುವವರಿಗೆ ಹೇಳಬೇಕಾದದ್ದು, ಗೊಬ್ಬರ ಇಲ್ಲಿ ಉಪ ಉತ್ಪನ್ನ. ಕೆರೆಗೆ ಸುರಿಯದೆ ಉಳಿದ ಲೋಡುಗಳೇ ಮುಖ್ಯ ಲಾಭ, ಅದಕ್ಕೆ ರಶೀದಿ ಸಿಗುವುದಿಲ್ಲ. ಗೊಬ್ಬರ ಮಾರಿ ಘಟಕದ ಖರ್ಚು ತೂಗುತ್ತದೆ ಎಂದು ಪ್ರಸ್ತಾವದಲ್ಲಿ ಬರೆದುಕೊಡುವವರನ್ನು ಪುರಸಭೆಗಳು ನಂಬಬಾರದು.

ಹಾಗಾದರೆ ಊರಿನ ಸಾರ ಎಲ್ಲಿ ಹೋಯಿತು? ಮೂತ್ರದಲ್ಲಿ. ನಮ್ಮ ದೇಹದಿಂದ ಹೊರಬರುವ ಸಾರಜನಕದ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಮೂತ್ರದಲ್ಲಿರುತ್ತದೆ. ನಮ್ಮ ಊಟದ ಲೆಕ್ಕಕ್ಕೆ ಒಬ್ಬರಿಗೆ ವರ್ಷಕ್ಕೆ ಎರಡು ಕೆಜಿಯ ಮೇಲೆಯೇ. ಎರಡೇ ಎಂದು ಹಿಡಿದರೂ 28,000 ಜನರಿಗೆ 56 ಟನ್ ಸಾರಜನಕ. 45 ಕೆಜಿಯ ಯೂರಿಯಾ ಚೀಲದಲ್ಲಿ ಇರುವುದು 20.7 ಕೆಜಿ, ಆದ್ದರಿಂದ ಊರು ಪ್ರತಿ ವರ್ಷ 2,700 ಚೀಲ ಯೂರಿಯಾದಷ್ಟನ್ನು ಉಚ್ಚೆ ಹೊಯ್ದು ಕಳೆಯುತ್ತದೆ. ಅದು ರಿಂಗಿನ ಸಂದಿಯಿಂದ ಇಂಗಿ, ನೈಟ್ರೇಟಾಗಿ ಅಂತರ್ಜಲ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಮಾನದಂಡ. ಬೆಂಗಳೂರು ಸುತ್ತಿನ ಎಷ್ಟೋ ಬೋರ್‌ವೆಲ್‌ಗಳು ಅದನ್ನು ದಾಟಿ ಕೂತಿವೆ, ಅದರಲ್ಲಿ ಪಿಟ್ಟುಗಳ ಪಾಲು ದೊಡ್ಡದು.

ಮೂತ್ರವನ್ನು ಬೇರೆ ಹಿಡಿಯುವ ಪಾಯಿಖಾನೆಗಳು ಹೊಸವೇನಲ್ಲ. ತಮಿಳುನಾಡಿನ ತಿರುಚಿರಾಪಳ್ಳಿ ಜಿಲ್ಲೆಯ ಮುಸಿರಿಯಲ್ಲಿ ಸ್ಕೋಪ್ ಸಂಸ್ಥೆ ಕಟ್ಟಿದ ಸಾರ್ವಜನಿಕ ಇಕೋಸಾನ್ ಶೌಚಾಲಯ ಬಳಸಿದವರಿಗೇ ಕಾಸು ಕೊಟ್ಟು ಸುದ್ದಿಯಾಗಿತ್ತು. ನಮ್ಮ ಜಿಕೆವಿಕೆಯ, ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ, ಮಣ್ಣು ವಿಜ್ಞಾನಿಗಳು ಮುಸುಕಿನ ಜೋಳ, ಬಾಳೆಗೆ ಮೂತ್ರ ಹಾಕಿ ಪ್ರಯೋಗ ಮಾಡಿದ್ದಾರೆ, ಬೆಳೆ ಚೆನ್ನಾಗಿಯೇ ಬಂದಿದೆ. ಹಾಗಿದ್ದೂ ಹರಡಲಿಲ್ಲ. ಜನ ಅಸಹ್ಯಪಟ್ಟುಕೊಳ್ಳುತ್ತಾರೆ ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಕಾರಣ ಬೆಲೆ ಅನ್ನಿಸುತ್ತದೆ. ಸಬ್ಸಿಡಿಯ ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ. ಇಡೀ ದೇವನಹಳ್ಳಿಯ ಒಂದು ವರ್ಷದ ಮೂತ್ರದ ಸಾರಜನಕಕ್ಕೆ ಅಂಗಡಿಯ ಬೆಲೆ ಏಳು ಲಕ್ಷ ಚಿಲ್ಲರೆ. ಮನೆಮನೆಗೂ ಎರಡನೇ ಪೈಪು, ಡ್ರಮ್ಮು, ಅದನ್ನು ಸಾಗಿಸುವ ಗಾಡಿ, ಬಳಸುವ ಮುಂಚೆ ಆರು ತಿಂಗಳು ಕೂಡಿಡುವ ಜಾಗ, ಇಷ್ಟೆಲ್ಲ ಏಳು ಲಕ್ಷದಲ್ಲಿ ಆಗುವ ಮಾತಲ್ಲ. ಹೀಗಾಗಿ ದೇವನಹಳ್ಳಿ ಘಟಕ ಉಳಿಸುವುದು ಮಣ್ಣಿಗೆ ಬೇಕಾದ ಸಾವಯವ ಪದಾರ್ಥ ಮತ್ತು ಒಂದಿಷ್ಟು ರಂಜಕ. ಸಾರಜನಕದ ದೊಡ್ಡ ಪಾಲನ್ನು ಅದು ಕಾಣುವುದೇ ಇಲ್ಲ. ನೆಲ ಮೊದಲೇ ಕುಡಿದಿರುತ್ತದೆ.

ಸಲಿಕೆ ಯಾರ ಕೈಯಲ್ಲಿ

ಕರ್ನಾಟಕದಲ್ಲಿ ನಿಂತು ಮಲಗೊಬ್ಬರದ ಮಾತಾಡುವವರು ಜಾತಿಯ ಮಾತನ್ನು ಬಿಟ್ಟು ಮಾತಾಡಿದರೆ ಅರ್ಧ ಮಾತಾಡಿದಂತೆ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಇಲ್ಲಿ ನಿಷೇಧಿಸಲಾಯಿತು. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. 2013ರ ಕಾಯ್ದೆ ಮನುಷ್ಯರನ್ನು ಸುರಕ್ಷತೆಯಿಲ್ಲದೆ ಗುಂಡಿಗೆ ಇಳಿಸುವುದನ್ನು ಅಪರಾಧವೆಂದಿತು. 2014ರಲ್ಲಿ ಸುಪ್ರೀಂ ಕೋರ್ಟು ಹಾಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಎಂದಿತು, 2023ರಲ್ಲಿ ಅದನ್ನೇ 30 ಲಕ್ಷಕ್ಕೆ ಏರಿಸಿತು. ಏರಿಸಬೇಕಾಗಿ ಬಂತು ಎಂದರೆ ಜನ ಸಾಯುವುದು ನಿಂತಿಲ್ಲ.

ಗಾಡಿ ಮತ್ತು ಪೈಪು ಬಂದದ್ದರಿಂದ ಗುಂಡಿಗೆ ಇಳಿಯುವುದು ಬಹಳ ಮಟ್ಟಿಗೆ ತಪ್ಪಿದೆ, ನಿಜ. ಜಾಲರಿ ತೊಳೆಯುವುದು, ಹಾಸಿನಿಂದ ಕೆಸರು ಕೆರೆಯುವುದು, ರಾಶಿ ಮಗುಚುವುದು ಮಾತ್ರ ಕೈಕೆಲಸವಾಗಿಯೇ ಉಳಿದಿದೆ. ಇಂಥ ಕೆಲಸಕ್ಕೆ ಟೆಂಡರು ಕರೆದಾಗ ಯಾವ ಕೇರಿಯಿಂದ ಕೂಲಿಗಳು ಬರುತ್ತಾರೆ ಎಂದು ಯಾರೂ ಕೇಳಬೇಕಾಗಿಲ್ಲ, ಎಲ್ಲರಿಗೂ ಗೊತ್ತು. ಗಂಬೂಟು, ಗ್ಲೌಸು, ಸ್ನಾನಕ್ಕೆ ಬಿಸಿನೀರು, ಆರು ತಿಂಗಳಿಗೊಮ್ಮೆ ಜಂತಿನ ಮಾತ್ರೆ, ಇವು ಕೊಡುಗೆಯಲ್ಲ, ಘಟಕದ ಭಾಗ. ಅಂದಾಜುಪಟ್ಟಿಯಲ್ಲಿ ತೊಟ್ಟಿಯ ಕಾಂಕ್ರೀಟಿನ ಜೊತೆಗೇ ಬರಬೇಕು. ಮಗುಚುವುದಕ್ಕೆ ಟ್ರ್ಯಾಕ್ಟರಿನ ಮುಂದೆ ಜೋಡಿಸುವ ಬಕೆಟ್ ಸಾಕು, ಊರಲ್ಲಿ ಬಾಡಿಗೆಗೆ ಸಿಗುತ್ತದೆ. ಸಲಿಕೆ ಅಗ್ಗ ಎಂಬ ಒಂದೇ ಕಾರಣಕ್ಕೆ ಸಲಿಕೆ ಹಿಡಿಸುವುದನ್ನು ಒಪ್ಪಲಾಗದು.

ರೈತ ಕೊಳ್ಳುವಾಗ

ಕೊಳ್ಳುವ ರೈತರಿಗೆ ಇದು ಏನೆಂದು ಗೊತ್ತಿದೆ, ಅವರಿಗೆ ಅದು ಅಡ್ಡಿಯಲ್ಲ. ಕಚ್ಚಾ ಕೆಸರನ್ನೇ ಹೊಲಕ್ಕೆ ಬಿಡಿಸಿಕೊಂಡವರು ಅವರು. ಇಂಥ ಗೊಬ್ಬರದ ಬಗ್ಗೆ ಅವರ ದೂರು ಗಾಜಿನ ಚೂರಿನದು. ಊರಿನ ಹಸಿ ಕಸ ಸರಿಯಾಗಿ ಬೇರ್ಪಡದಿದ್ದರೆ ಬಾಟಲಿ ಚೂರು, ಬ್ಲೇಡು, ಪ್ಲಾಸ್ಟಿಕ್ ತುಣುಕು ಎಲ್ಲವೂ ಗೊಬ್ಬರದೊಳಗೆ. ಬರಿಗಾಲಲ್ಲಿ ಪೈರು ನಾಟುವವರಿಗೆ, ಕಳೆ ಕೀಳುವ ಹೆಂಗಸರಿಗೆ ಜಂತುಮೊಟ್ಟೆ ಕಾಣುವುದಿಲ್ಲ, ಗಾಜು ಕಾಣುತ್ತದೆ. ಮಲದ ಭಾಗವನ್ನು ಇಷ್ಟು ಎಚ್ಚರದಿಂದ ಶುದ್ಧ ಮಾಡಿ, ಕಸದ ಭಾಗದಿಂದ ಹೆಸರು ಕೆಡಿಸಿಕೊಳ್ಳುವುದು ಇಂಥ ಘಟಕಗಳ ತಮಾಷೆ. ಜರಡಿ ಹಿಡಿಯದೆ ಮಾರಬಾರದು. ಇನ್ನೊಂದು ಕಟ್ಟುಪಾಡು, ಕಾವಿನ ಪುಸ್ತಕ ಸರಿಯಿಲ್ಲದ ರಾಶಿಯನ್ನು ಹಸಿಯಾಗಿ ತಿನ್ನುವ ಬೆಳೆಗೆ, ಅಂದರೆ ಸೊಪ್ಪು, ಮೂಲಂಗಿ, ಕ್ಯಾರೆಟ್ಟಿಗೆ ಕೊಡಬಾರದು. ರಾಗಿ, ಜೋಳ, ತೆಂಗು, ಹೂವಿನ ತೋಟಕ್ಕೆ ಅಪಾಯ ಕಡಿಮೆ. ಆದರೂ ಅಲ್ಲಿ ಹರಡುವವರ ಕೈಗೆ ಗ್ಲೌಸು ಬೇಕು.

ಸುತ್ತಲಿನ ಹಳ್ಳಿಗಳಿಗೆ ಇಷ್ಟು ದೂರದ ದಾರಿ ಬೇಕಾಗಿಯೂ ಇಲ್ಲ. ಅವಳಿ ಗುಂಡಿಯ ಶೌಚಾಲಯ ಸರಿಯಾಗಿ ಬಳಸಿದರೆ ಒಂದು ತುಂಬಿದ ಮೇಲೆ ಮುಚ್ಚಿ, ಇನ್ನೊಂದಕ್ಕೆ ತಿರುಗಿಸಿ, ಒಂದೂವರೆ ಎರಡು ವರ್ಷ ಬಿಟ್ಟು ತೆಗೆದರೆ ಒಣ ಗೊಬ್ಬರ. ಗಾಡಿಯೂ ಬೇಡ, ಘಟಕವೂ ಬೇಡ. ಆದರೆ ನಮ್ಮವರಿಗೆ ಎರಡು ಸಣ್ಣ ಗುಂಡಿಗಿಂತ ಹತ್ತು ರಿಂಗಿನ ಒಂದೇ ಆಳದ ಗುಂಡಿಯ ಮೇಲೆ ನಂಬಿಕೆ. ಜನ್ಮಕ್ಕೆ ತುಂಬುವುದಿಲ್ಲ ಎಂದು ಮೇಸ್ತ್ರಿ ಹೇಳಿರುತ್ತಾನೆ. ಅದು ಒಂದಲ್ಲ ಒಂದು ದಿನ ತುಂಬುತ್ತದೆ, ಆಗ ಗಾಡಿ ಬರುತ್ತದೆ. ಗಾಡಿಯವನಿಗೆ ಇಪ್ಪತ್ತು ಕಿಲೋಮೀಟರ್ ದೂರದ ಘಟಕಕ್ಕಿಂತ ಪಕ್ಕದ ತೋಟವೇ ಹತ್ತಿರ.

ದೇವನಹಳ್ಳಿಯ ಮಾದರಿಯನ್ನು ನೋಡಿ ರಾಜ್ಯದಲ್ಲೂ ಹೊರಗೂ ಇಂಥ ಘಟಕಗಳು ಬಂದಿವೆ, 2017ರಲ್ಲಿ ಕೇಂದ್ರ ಸರ್ಕಾರ ಮಲತ್ಯಾಜ್ಯಕ್ಕೆಂದೇ ರಾಷ್ಟ್ರೀಯ ನೀತಿ ತಂದಿದೆ. ಹೊಸದಾಗಿ ಕಟ್ಟುವವರು ನಕ್ಷೆಯಲ್ಲಿ ಮರೆಯುವುದು ಹೆಚ್ಚಾಗಿ ಒಂದೇ, ಗೋದಾಮು. ಗುಂಡಿಗಳು ಉಕ್ಕುವುದು ಮುಂಗಾರಿನಲ್ಲಿ, ಗಾಡಿಗಳು ಸಾಲುಗಟ್ಟುವುದು ಆಗ, ಹಾಸುಗಳು ಒಣಗದೆ ನಿಲ್ಲುವುದೂ ಆಗಲೇ. ರೈತ ಗೊಬ್ಬರ ಕೇಳುವುದು ಯುಗಾದಿ ಕಳೆದು ಮೊದಲ ಉಳುಮೆಯ ಹೊತ್ತಿಗೆ. ಜುಲೈಯಲ್ಲಿ ರಾಗಿ ಬಿತ್ತಿದ ಮೇಲೆ ಅವನು ಘಟಕದ ಕಡೆ ತಲೆ ಹಾಕುವುದಿಲ್ಲ. ಮಳೆಗಾಲದಲ್ಲಿ ಬಂದ ಕೆಸರು ಗೊಬ್ಬರವಾಗಿ ಏಪ್ರಿಲ್‌ವರೆಗೆ ಕಾಯಬೇಕು, ಮಳೆ ತಾಗದ ಕಡೆ, ನೆಲದ ನೀರು ತಾಗದ ಕಡೆ. ಅರುವತ್ತು ಎಪ್ಪತ್ತು ಟನ್ ರಾಶಿ ಹಾಕಲು ಸೂರು, ಸಿಮೆಂಟು ನೆಲ, ಹೊಸ ರಾಶಿ ಹಳೆಯದರ ಜೊತೆ ಬೆರೆಯದಂತೆ ನಡುಗೋಡೆ ಬೇಕು. ಇವಿಷ್ಟು ಇಲ್ಲದ ಕಡೆ ಸಂಸ್ಕರಿಸಿದ ಗೊಬ್ಬರವೂ ಮಳೆಯಲ್ಲಿ ತೊಳೆದು ಮೋರಿ ಸೇರುತ್ತದೆ.